ಜಗಳಕ್ಕೂ ಉಸಿರು ಬೇಕು

ನಮ್ಮ ಓನರಮ್ಮನ ತುಟಿಗಳು ಆಗಷ್ಟೇ ಬೊಗಸೆ ತುಂಬ ನೇರಳೆ ಹಣ್ಣು ತಿಂದು ಎದ್ದು ಬಂದವರ ತುಟಿಗಳ ಹಾಗಿದ್ದವು. ಉಗುರುಗಳಿಗೂ ಅದೇ ಬಣ್ಣ. ದಾವಣಗೆರೆಯ ಎಂ.ಸಿ.ಸಿ. ‘ಬಿ’ ಬ್ಲಾಕಿನ ಅವರ ಮನೆಯ ಮಹಡಿಗೆ ನಾನೂ ನಮ್ಮ ಯಜಮಾನರೂ ಬಾಡಿಗೆಗೆ ಬಂದ ದಿನ ಅವರು ಗೇಟು ಹಿಡಿದು ನಿಂತು, ನಮ್ಮ ಸಾಮಾನು ಇಳಿಸುವವರಿಗೆ ತಾವೇ ಅಪ್ಪಣೆ ಕೊಡುತ್ತಿದ್ದರು. “ಆ ಬೀರು... ಗ್ವಾಡಿಗೆ... ತಾಗಿಸಬ್ಯಾಡ್ರಪ್ಪ” ಎಂದು ಒಂದು ಮಾತಿನ ನಡುವೆ ಎರಡು ಸಲ ನಿಲ್ಲುತ್ತಿದ್ದರು. ತುಟಿ ನೋಡಿ ಎಲೆ ಅಡಿಕೆಯ ಚಟ ಇರಬೇಕು ಎಂದುಕೊಂಡೆ, ನಿಲ್ಲುವುದನ್ನು ನೋಡಿ ಗತ್ತು ಎಂದುಕೊಂಡೆ. ಎರಡೂ ಅಲ್ಲ, ಕಾಯಿಲೆ ಎಂಬುದು ಆಗ ಅವರ ಮನೆಯವರಿಗೇ ಗೊತ್ತಿರಲಿಲ್ಲ, ನನಗೆಲ್ಲಿ ಗೊತ್ತಾಗಬೇಕು?

ಅವರ ತವರು ಮಲೆಬೆನ್ನೂರು. ಭತ್ತದ ವ್ಯಾಪಾರದ ಮನೆ. ಹಮಾಲರು, ದಲ್ಲಾಳಿಗಳು, ಟ್ರ್ಯಾಕ್ಟರುಗಳ ಗದ್ದಲದಲ್ಲಿ ಬೆಳೆದವರು. ಅಲ್ಲಿ ಮೆತ್ತಗೆ ಮಾತಾಡಿದರೆ ಊಟಕ್ಕೂ ಯಾರೂ ಕರೆಯುತ್ತಿರಲಿಲ್ಲವಂತೆ. ಹಾಗಾಗಿ ಜಗಳ ಅವರಿಗೆ ಸಿಟ್ಟಿನ ವಿಷಯವಾಗಿರಲಿಲ್ಲ, ನಾಲಿಗೆ ರುಚಿಯ ವಿಷಯವಾಗಿತ್ತು. ನಾನೂ ಹರಿಹರದವಳು, ಖಾಸಗಿ ಹೈಸ್ಕೂಲಿನಲ್ಲಿ ಗಣಿತ ಹೇಳುವವಳು, ನನ್ನ ಬಾಯಿಯೂ ಸುಮ್ಮನಿರುವಂಥದ್ದಲ್ಲ. ನೀರಿನ ಮೋಟರು, ಮೆಟ್ಟಿಲ ಕಸ, ತಾರಸಿಯಲ್ಲಿ ಒಣಗಿಸಿದ ಅವರ ಮೆಣಸಿನಕಾಯಿಯ ಮೇಲೆ ತೊಟ್ಟಿಕ್ಕಿದ ನನ್ನ ಸೀರೆಯ ನೀರು, ಒಂದೇ ಎರಡೇ! ಮೊದಲ ಜಗಳದ ತನಕ “ಬರ್ರಿ ಟೀಚರ್‌ರೇ, ಕೂಡ್ರಿ” ಎನ್ನುತ್ತಿದ್ದವರು ಮರುದಿನದಿಂದಲೇ “ಏ ಟೀಚರಮ್ಮ, ಬಾ ಇಲ್ಲಿ” ಎನ್ನತೊಡಗಿದರು. ಜಗಳವಾದ ಅರ್ಧ ಗಂಟೆಗೆ ಮಗಳ ಕೈಯಲ್ಲಿ ಒಂದು ತಟ್ಟೆ ಒಗ್ಗರಣೆ ಮಂಡಕ್ಕಿ ಮೇಲೆ ಬರುತ್ತಿತ್ತು. ಜೊತೆಗೊಂದು ಸಂದೇಶ: “ತಿಂದು ಗಟ್ಟಿ ಆಗು ಅಂದ್ರು ಅಮ್ಮ. ಸಂಜಿಗೆ ಮತ್ತೆ ಐತಂತೆ.”

ಬೇರೆಯವರನ್ನೂ ಅವರು ಸುಮ್ಮನೆ ಬಿಡುತ್ತಿರಲಿಲ್ಲ. ಪೋಸ್ಟ್‌ಮ್ಯಾನ್ ಬರಲಿ, ಗ್ಯಾಸ್ ತರುವವನು ಬರಲಿ, ಮೊದಲ ಪ್ರಶ್ನೆ “ನಿಮ್ದು ಯಾವೂರಾತ್ರಿ?” ಊರು ಹೇಳಿದರೆ ಅಲ್ಲಿ ಯಾರ ಪೈಕಿ, ಯಾರ ಪೈಕಿ ಎಂದು ಕೆದಕಿ, ಕೊನೆಗೆ ಹೇಗೋ ಒಂದು ನೆಂಟಸ್ತನ ಹಚ್ಚಿ, ಆ ನೆಂಟಸ್ತನದ ಸಲಿಗೆಯಿಂದ ಅವನನ್ನು ಬೈಯುತ್ತಿದ್ದರು. ಅವರ ಯಜಮಾನರು ಬಟ್ಟೆ ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳ ಮುಂದೆ ಸೀರೆ ಬಿಡಿಸಿ ಮಾತಾಡಿ ದಣಿದು ಬರುವವರು. ಮನೆಯಲ್ಲಿ ಮಾತಿನ ಪಾಲೆಲ್ಲ ಹೆಂಡತಿಗೇ ಬಿಟ್ಟುಕೊಟ್ಟಿದ್ದರು. ಒಬ್ಬಳೇ ಮಗಳು, ಡಿಗ್ರಿ ಮುಗಿಸಿ ಒಂದು ಸಹಕಾರಿ ಸಂಘದಲ್ಲಿ ಕೆಲಸಕ್ಕಿದ್ದಳು. ಇನ್ನು ಹರಿಹರದಲ್ಲಿ ಒಬ್ಬ ಮೈದುನ. ಈ ಮೈದುನನ ವಿಷಯ ಬರೆಯುವಾಗ ನನ್ನ ಕೈ ಈಗಲೂ ಬಿಗಿಯಾಗುತ್ತದೆ. ಜಗತ್ತಿನ ಎಲ್ಲ ಕಾಯಿಲೆಗೂ ಅವನ ಹತ್ತಿರ ಉಪಾಯವಿತ್ತು, ಒಂದಕ್ಕೂ ತಿಳಿವಳಿಕೆ ಇರಲಿಲ್ಲ.

ಕಾಯಿಲೆಗೆ ಸರಿಯಾದ ಹೆಸರು ಸಿಗುವ ಮೊದಲು ಊರಿನವರೆಲ್ಲ ಸೇರಿ ಅದಕ್ಕೆ ನಾಮಕರಣ ಮಾಡಿದ್ದರು. ಒಬ್ಬರು ಅಸ್ತಮಾ ಎಂದು ಪಂಪು ಕೊಟ್ಟರು. ಇನ್ನೊಬ್ಬರು ರಕ್ತ ಕಮ್ಮಿ ಎಂದು ಟಾನಿಕ್ ಬರೆದರು. ಮತ್ತೊಬ್ಬರು “ಮುಟ್ಟು ನಿಲ್ಲೋ ವಯಸ್ಸಮ್ಮ, ಹಿಂಗೇ” ಎಂದು ಕಳಿಸಿಬಿಟ್ಟರು. ಮೈದುನ “ಅತ್ತಿಗೆಮ್ಮ, ವಾಕಿಂಗ್ ಮಾಡ್ರಿ, ಮೈ ಇಳೀತೈತೆ” ಎಂದ. ಪಾಪ, ಮಾಡಿದರು ಕೂಡ! ಉಬ್ಬಸ ಪಡುತ್ತ ಪಾರ್ಕು ಸುತ್ತಿದರು. ಒಂದು ದಿನ ಗೇಟಿನ ಹತ್ತಿರ ತರಕಾರಿ ಗಾಡಿಯವಳೊಂದಿಗೆ ಬದನೆಕಾಯಿಗೆ ಚೌಕಾಸಿ ಮಾಡುತ್ತಿದ್ದಾಗಲೇ ಕಣ್ಣು ಕತ್ತಲೆ ಬಂದು ಕುಸಿದರು. ಆಮೇಲೆ ಎಕೋ, ಬೆಂಗಳೂರಿನ ದೊಡ್ಡ ಆಸ್ಪತ್ರೆ, ರಕ್ತನಾಳದೊಳಗೆ ನಳಿಗೆ ಕಳಿಸಿ ಮಾಡುವ ಪರೀಕ್ಷೆ, ಎಲ್ಲ ಆಯಿತು.

ಬೆಂಗಳೂರಿನ ಕಾಗದಗಳನ್ನೆಲ್ಲ ಹಿಡಿದು ದಾವಣಗೆರೆಯ ಹೃದಯದ ಡಾಕ್ಟರ ಹತ್ತಿರ ಹೋಗುವಾಗ ‘ಓದಿದವಳು’ ಎಂದು ನನ್ನನ್ನೂ ಕರೆದುಕೊಂಡು ಹೋದರು. ಡಾಕ್ಟರು ತಾಳ್ಮೆಯವರು. ಕಾಗದದ ಮೇಲೆ ಚಿತ್ರ ಬರೆದು ಹೇಳಿದರು. “ನೋಡಿ, ಹೃದಯದ ಬಲಭಾಗದಿಂದ ಶ್ವಾಸಕೋಶಕ್ಕೆ ರಕ್ತ ಒಯ್ಯೋ ನಾಳಗಳು ಇವರಿಗೆ ಕಿರಿದಾಗಿವೆ. ಅಲ್ಲಿ ಒತ್ತಡ ಜಾಸ್ತಿ ಆಗಿ ಹೃದಯ ಸೋಲ್ತಾ ಇದೆ. ತೋಳಿಗೆ ಪಟ್ಟಿ ಸುತ್ತಿ ನೋಡ್ತೀವಲ್ಲ, ಆ ಬಿ.ಪಿ. ಬೇರೆ, ಇದು ಬೇರೆ. ಪೂರ್ತಿ ವಾಸಿ ಆಗೋದಲ್ಲ. ಮಾತ್ರೆ ತಪ್ಪಿಸಬಾರದು. ಉಪ್ಪು ಕಮ್ಮಿ, ನೀರು ಅಳತೇಲಿ. ದಣಿವಾಗದಷ್ಟು ಓಡಾಡಿಕೊಂಡು, ಖುಷಿಯಾಗಿ ಇರಲಿ.” ಎಲ್ಲರೂ ತಲೆ ಆಡಿಸಿದರು. ಹೊರಗೆ ಬಂದು ಆಟೋ ಹತ್ತಿದ್ದೇ ಮೈದುನ ಫೋನು ತೆಗೆದು ಹರಿಹರಕ್ಕೆ ಸುದ್ದಿ ಕೊಟ್ಟ: “ಏನಿಲ್ಲ ಬಿಡ್ರಿ, ಬಿ.ಪಿ. ಅಂತೆ.”

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ನಾನು ಆಟೋದಲ್ಲೇ ಬಾಯಿ ಮಾಡಿದೆ. ಯಾರು ಕೇಳಬೇಕು?

ಬಿ.ಪಿ. ಎಂದ ಮೇಲೆ ನಮ್ಮ ಕಡೆ ಮೊದಲ ಪಥ್ಯವೇನೆಂದು ಎಲ್ಲರಿಗೂ ಗೊತ್ತು. ಸಿಟ್ಟು ಬರಿಸಬಾರದು, ಟೆನ್ಷನ್ ಕೊಡಬಾರದು. ಮೈದುನ ಮಹಡಿ ಹತ್ತಿ ಬಂದು ನನ್ನ ಮುಂದೆ ಕೈ ಮುಗಿದ. “ಟೀಚರ್‌ರೇ, ಇನ್ಮ್ಯಾಲೆ ಅತ್ತಿಗೆಮ್ಮನ ಕೂಡ ಜಗಳ ಆಡಬ್ಯಾಡ್ರಿ. ಬಿ.ಪಿ. ಏರ್ತೈತೆ.” ಮಾರನೆಯ ದಿನದಿಂದ ಕೆಳಗಿನ ಮನೆ ಸಕ್ಕರೆ ಪಾಕವಾಗಿಬಿಟ್ಟಿತು. ಅವರು ಏನು ಹೇಳಿದರೂ ಯಜಮಾನರು “ಆತು ಬಿಡು”. ಮಗಳು “ಹೂನಮ್ಮ”. ಅಡುಗೆಮನೆಯ ನಲ್ಲಿ ಸೋರುತ್ತಿದ್ದರೂ ಹೇಳಲಿಲ್ಲ, ಮಲೆಬೆನ್ನೂರಿನಲ್ಲಿ ಅಣ್ಣ ಬಿದ್ದು ಕೈ ಮುರಿದುಕೊಂಡದ್ದನ್ನೂ ಹೇಳಲಿಲ್ಲ. ನೋಡಲು ಬಂದ ನೆಂಟರು ಸೇಬು, ಬ್ರೆಡ್ಡು ತಂದಿಟ್ಟು, ಬೆಳ್ಳುಳ್ಳಿ ತಿನ್ನಿ, ಕಣ್ಣು ಮುಚ್ಚಿ ಉಸಿರು ಹಿಡಿಯಿರಿ ಎಂದು ಬುದ್ಧಿ ಹೇಳಿ ಹೋಗುತ್ತಿದ್ದರು. ಉಸಿರೇ ಸಾಲದವರಿಗೆ ಉಸಿರು ಹಿಡಿ ಎನ್ನುವವರಿಗೆ ಏನು ಹೇಳೋಣ! ಕೊನೆಗೆ ಆ ತರಕಾರಿಯವಳೂ ಕೈ ಕೊಟ್ಟಳು. ಚೌಕಾಸಿಗೆ ಬಾಯಿ ತೆಗೆಯುವ ಮೊದಲೇ “ನೀವು ಹೇಳಿದಷ್ಟಕ್ಕೇ ತಗಳ್ರಮ್ಮ” ಎಂದುಬಿಟ್ಟಳಂತೆ. ಅವತ್ತು ಅವರು ತರಕಾರಿಯನ್ನೇ ಕೊಳ್ಳಲಿಲ್ಲ.

ಸಂಜೆ ನಾನು ಶಾಲೆಯಿಂದ ಬರುವುದನ್ನೇ ಕಾಯುತ್ತ ವರಾಂಡದಲ್ಲಿ ಕೂತಿದ್ದರು. “ಟೀಚರಮ್ಮ... ಈ ಮನ್ಯಾಗೆ ನಾನು ಸತ್ತು... ಬಾಳ ದಿನ ಆತು ನೋಡವ್ವ. ಫೋಟೋದ ಮುಂದೆ... ನಿಂತಂಗೆ ನಿಂತು... ಹೂಂ ಅಂತಾರೆ. ನೀನೂ ಯಾಕ... ಮ್ಯಾಲಿಂದ ಇಳಿಯಂಗಿಲ್ಲ?”

ನನಗೆ ಸಿಟ್ಟು ಬಂತು. ಬ್ಯಾಗನ್ನು ಅಲ್ಲೇ ಒಗೆದು, “ಇಳಿಯೋದೇನು ಬಂತು ಅಕ್ಕಾರೆ, ನಿನ್ನೆಯಿಂದ ನಲ್ಲಿಯಾಗೆ ಹನಿ ನೀರಿಲ್ಲ. ನೀವೇನು ಮನೆ ಬಾಡಿಗೆ ಕೊಟ್ಟೀರೋ, ಮರುಭೂಮಿ ಬಾಡಿಗೆ ಕೊಟ್ಟೀರೋ?” ಎಂದೆ. ಅವರ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. “ನಿಂಗೆ... ಎಷ್ಟು ನೀರು ಬೇಕೇ... ಎಮ್ಮಿ ಸಾಕೀಯೇನು?” ಎಂದು ಶುರು ಹಚ್ಚಿಕೊಂಡರು.

ಹೀಗೆ ನಮ್ಮ ಜಗಳ ಮತ್ತೆ ಸುರುವಾಯಿತು, ಆದರೆ ಅದರ ನಡೆ ಬದಲಾಯಿತು. ನಾನು ಒಂದು ಮಾತು ಅಂದು, ಅವರು ಎರಡು ಸಲ ಉಸಿರು ಎಳೆದುಕೊಂಡು ಉತ್ತರ ಕೊಡುವ ತನಕ ಬಾಯಿ ಮುಚ್ಚಿಕೊಂಡು ಕಾಯಬೇಕು. ನನ್ನಂಥವಳಿಗೆ ಅದೆಂಥ ಶಿಕ್ಷೆ ಎಂದು ನನ್ನ ಗಂಡನನ್ನು ಕೇಳಿ. ನಡುವೆ ನಾನೇನಾದರೂ ಅವರ ಮಾತು ಪೂರ್ತಿ ಮಾಡಲು ಹೋದರೆ ಕೈ ಎತ್ತಿ ತಡೆಯುತ್ತಿದ್ದರು. “ನನ್ನ ಮಾತು... ನಾನೇ ಮುಗಸ್ತೀನಿ.” ಅವರ ದಿನದಲ್ಲಿ ಆಗ ಇಂಥ ಮಾತಿಗೆ ಉಳಿಯುತ್ತಿದ್ದ ಉಸಿರೇ ಸ್ವಲ್ಪ. ಸ್ನಾನಕ್ಕೆ ಪ್ಲಾಸ್ಟಿಕ್ ಸ್ಟೂಲು, ಒಲೆಯ ಮುಂದೆ ಇನ್ನೊಂದು ಸ್ಟೂಲು. ತಲೆ ಬಾಚಲು ಕೈ ಎತ್ತಿದರೆ ಸುಸ್ತು, ಸೀರೆಯ ನಿರಿಗೆ ಹಿಡಿಯಲು ಬಗ್ಗಿದರೆ ಸುಸ್ತು. ಸ್ನಾನ ಮಾಡಿದ ದಿನ ರೊಟ್ಟಿ ತಟ್ಟುವಂತಿಲ್ಲ, ರೊಟ್ಟಿ ತಟ್ಟಿದ ದಿನ ಮಾತಿಲ್ಲ. ನೋಡಿದವರಿಗೆ ಮಾತ್ರ ಮುಖ ತುಂಬಿಕೊಂಡು ಚೆನ್ನಾಗಿ ಕಾಣುತ್ತಿದ್ದರು. “ಆರಾಮಾಗಿ ಕುಂತು ಉಣ್ತಾಳೆ, ಪುಣ್ಯವಂತಿ” ಎಂದು ಓಣಿಯ ಹೆಂಗಸರು ಅಂದದ್ದು ನನ್ನ ಕಿವಿಗೇ ಬಿದ್ದಿದೆ.

ಮಾತ್ರೆಯದು ಇನ್ನೊಂದು ಪ್ರಹಸನ. ಆ ಮಾತ್ರೆ ಗಂಡಸರ ಬೇರೊಂದು ತೊಂದರೆಗೂ ಕೊಡುವಂಥದ್ದು. ಅವರ ಯಜಮಾನರು ಚೀಟಿ ಹಿಡಿದು ಅಂಗಡಿಗೆ ಹೋದಾಗ ಮೆಡಿಕಲ್ ಸ್ಟೋರಿನವನು ಮುಸಿಮುಸಿ ನಕ್ಕನಂತೆ. ಮಾನ ಹೋಯಿತೆಂದು ಈ ಮಹಾನುಭಾವರು ಅಂದಿನಿಂದ ಇಲ್ಲಿ ಕೊಳ್ಳುವುದನ್ನೇ ಬಿಟ್ಟು, ಬಸ್ಸು ಹತ್ತಿ ಹರಿಹರಕ್ಕೆ ಹೋಗಿ, ಗುರುತಿಲ್ಲದ ಅಂಗಡಿಯಲ್ಲಿ ತರತೊಡಗಿದರು. ಬಟ್ಟೆ ಅಂಗಡಿಯಲ್ಲಿ ಕೆಲಸ ಹೆಚ್ಚಿದ ವಾರ ಹರಿಹರಕ್ಕೆ ಹೋಗಲಾಗದೆ ಮಾತ್ರೆ ತಪ್ಪಿತು. ಹೆಂಡತಿಯ ತುಟಿ ಕಪ್ಪಾಗುತ್ತಿದೆ, ಇವರಿಗೆ ಮಾನದ ಚಿಂತೆ! ನಾನು ಚೀಟಿ ಕಸಿದುಕೊಂಡು ನಮ್ಮ ಬ್ಲಾಕಿನ ಅಂಗಡಿಗೇ ಹೋದೆ. ಅವನು ನಗಲು ಬಾಯಿ ತೆರೆದ. “ಹೆಣ್ಣುಮಗಳ ಎದಿ ರೋಗಕ್ಕೆ ಬರೆದದ್ದು. ನಗೋದಿದ್ರೆ ಈಗ್ಲೇ ನಕ್ಕುಬಿಡು, ತಿಂಗಳಿಗೊಂದು ಸಲ ಬರ್ತೀನಿ” ಎಂದೆ. ಮನೆಗೆ ಬಂದು ಹೇಳಿದಾಗ ಓನರಮ್ಮ ನಕ್ಕು ನಕ್ಕು ಉಸಿರು ಸಿಕ್ಕಿಹಾಕಿಕೊಂಡು, ನಾನೇ ಬೆನ್ನು ನೀವಬೇಕಾಯಿತು. “ಇನ್ನೊಂದ್ಸಲ... ನಗಸಬ್ಯಾಡ... ಸಾಯ್ತೀನಿ” ಎಂದರು. ಮರುಕ್ಷಣವೇ, “ಅವನ ಮಖ... ಹೆಂಗಾತು... ಮತ್ತೆ ಹೇಳು” ಎಂದರು.

ಇಷ್ಟರಲ್ಲಿ ಮೈದುನ ಒಂದು ಬಿ.ಪಿ. ಮಷೀನು ಕೊಂಡು ತಂದ. ಅತ್ತಿಗೆಯ ತೋಳಿಗೆ ಸುತ್ತಿ ಗುಂಡಿ ಒತ್ತಿದ. ಲೋ ಬಿ.ಪಿ.! ಡಾಕ್ಟರು ಅಷ್ಟು ಬಾಯಿ ಬಿಟ್ಟು ಹೇಳಿದ್ದರಲ್ಲ, ಆ ಬಿ.ಪಿ. ಬೇರೆ ಈ ಬಿ.ಪಿ. ಬೇರೆ ಎಂದು? ಊಹೂಂ. “ಏರಿದ್ದು ಇಳಿದೈತೆ, ಬಾಳ ಇಳಿದೈತೆ. ಉಪ್ಪು ಹಾಕಿ ಮಜ್ಜಿಗಿ ಕುಡಸ್ರಿ” ಎಂದು ಅಪ್ಪಣೆಯಾಯಿತು. ನಾನು ಶಾಲೆಯ ಪರೀಕ್ಷೆಗಳಲ್ಲಿ ಮುಳುಗಿದ್ದೆ. ನಾಲ್ಕಾರು ದಿನ ಬಿಟ್ಟು ಕೆಳಗೆ ಇಳಿದರೆ ಅವರ ಪಾದಗಳು ಊದಿ ಕಾಲುಂಗುರ ಮಾಂಸದಲ್ಲಿ ಹೂತುಹೋಗಿದೆ, ಹೊಟ್ಟೆ ಬಿಗಿದಿದೆ, ಪಕ್ಕದಲ್ಲಿ ಚೊಂಬು ತುಂಬ ಮಜ್ಜಿಗೆ. ಅವತ್ತೇ ಆಸ್ಪತ್ರೆಗೆ ಸೇರಿಸಿ ನೀರು ಇಳಿಸಬೇಕಾಯಿತು. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಆ ಮೈದುನನಿಗೆ ನಾನು ಅಂದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಅವನ ಮೇಲಿನ ಸಿಟ್ಟಿಗಿಂತ ಹೆಚ್ಚಿನದು ಒಳಗೆ ಮಲಗಿದ್ದವರ ಮೇಲೆ ಬಂತು. “ಅವನಿಗೆ ಬುದ್ಧಿ ಇಲ್ಲ, ನಿಮಗೇನಾಗಿತ್ತು ಅಕ್ಕಾರೆ? ಉಪ್ಪು ಮುಟ್ಟಬಾರದು ಅಂತ ಗೊತ್ತಿತ್ತಲ್ಲ?”

“ಗೊತ್ತಿತ್ತು” ಎಂದರು, ಕಳ್ಳ ಬೆಕ್ಕಿನ ಮುಖ ಮಾಡಿಕೊಂಡು. “ಸಪ್ಪನ್ನ ಉಂಡು ಉಂಡು... ನಾಲಿಗಿ ಸತ್ತಿತ್ತು. ತಾವಾಗೇ ಕೊಟ್ರು... ಕುಡದೆ. ನಾಲ್ಕು ದಿನ... ಸ್ವರ್ಗ ಕಂಡೆ ನೋಡು.”

ಇಂಥವರಿಗೆ ಹೇಗೆ ಬುದ್ಧಿ ಹೇಳುವುದು? ಹಣೆ ಹಣೆ ಚಚ್ಚಿಕೊಂಡೆ.

ಅಲ್ಲಿಂದ ಬಂದ ಮೇಲೆ ಮನೆಯಲ್ಲಿ ಆಕ್ಸಿಜನ್ ಮಷೀನು ಬಂತು. ಹಾಸಿಗೆಯ ಪಕ್ಕದಲ್ಲಿ ಗುರ್ ಎನ್ನುತ್ತ ಕೂತಿರುತ್ತಿತ್ತು, ಅದರ ಕೊಳವೆ ಮೂಗಿಗೆ. ಕೊಳವೆ ಉದ್ದದ್ದೇ ಹಾಕಿಸಿಕೊಂಡು ಅಡುಗೆಮನೆ, ವರಾಂಡ ಎಲ್ಲ ಕಡೆ ಓಡಾಡುತ್ತಿದ್ದರು. ಅವರಿಗೆ ಅದರ ನಾಚಿಕೆ ಇರಲಿಲ್ಲ. ನಾಚಿಕೆ ಇದ್ದದ್ದು ಮನೆಯವರಿಗೆ, ಏಕೆಂದರೆ ಮಗಳಿಗೆ ಗಂಡು ನೋಡುತ್ತಿದ್ದರು.

ಹರಿಹರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟ ಹುಡುಗ. ಒಳ್ಳೆಯ ಮನೆತನ, ಜಾತಕವೂ ಕೂಡಿತ್ತು. ಹುಡುಗ ಹುಡುಗಿ ಫೋನಿನಲ್ಲಿ ಮಾತಾಡಿಯೂ ಇದ್ದರು. ಅವಳ ಕೆನ್ನೆ ನೋಡಿದರೇ ಒಪ್ಪಿದ್ದಾಳೆಂದು ಗೊತ್ತಾಗುತ್ತಿತ್ತು. ಒಂದು ಭಾನುವಾರ ಗಂಡಿನ ಕಡೆಯವರು ಬರುವುದೆಂದು ಗೊತ್ತಾಯಿತು. ಅವತ್ತು ಬೆಳಿಗ್ಗೆ ಮೆಟ್ಟಿಲ ಮೇಲೆ ಧಡ್ ಧಡ್ ಸದ್ದು. ಬಾಗಿಲು ತೆರೆದರೆ ಮೈದುನ ಆಕ್ಸಿಜನ್ ಮಷೀನನ್ನು ಹೊತ್ತು ನಿಂತಿದ್ದಾನೆ.

“ಟೀಚರ್‌ರೇ, ಇದು ಒಂದು ತಾಸು ನಿಮ್ಮನ್ಯಾಗೆ ಇರ್ಲಿ.”

“ಅದಿಲ್ದೆ ಅವರು ಹೆಂಗೆ ಇರ್ತಾರೆ?”

“ಸುಮ್ಮನೆ ಕುಂತ್ರೆ ಏನೂ ಆಗಂಗಿಲ್ಲ ಬಿಡ್ರಿ. ಮಾತಾಡಬ್ಯಾಡ್ರಿ ಅಂತ ಹೇಳೀವಿ. ಹೆಣ್ಣಿನ ತಾಯಿಗೆ ಹಿಂಗೈತೆ ಅಂತ ಗೊತ್ತಾದ್ರೆ ಯಾರು ಮಾಡ್ಕೊಂತಾರೆ, ನೀವೇ ಹೇಳ್ರಿ.”

ಅವನನ್ನು ತಳ್ಳಿಕೊಂಡು ಕೆಳಗೆ ಹೋದೆ. ಓನರಮ್ಮ ಹಸಿರು ರೇಷ್ಮೆ ಸೀರೆ ಉಟ್ಟು ಸೋಫಾದಲ್ಲಿ ಕೂತಿದ್ದರು. ಮಗಳು ಮುಂದೆ ಮಂಡಿಯೂರಿ ತಾಯಿಯ ತುಟಿಗೆ ಲಿಪ್‌ಸ್ಟಿಕ್ ಹಚ್ಚುತ್ತಿದ್ದಳು. ಉಗುರುಗಳಿಗೆ ಆಗಲೇ ಕೆಂಪು ಬಣ್ಣ ಬಿದ್ದಿತ್ತು. ನಾನು ಬಾಯಿ ತೆರೆಯುವುದರೊಳಗೆ ಅವರೇ ಕಣ್ಣಲ್ಲೇ ಬೇಡವೆಂದರು. ಮಗಳು “ಇವತ್ತೊಂದಿನ, ಅಮ್ಮ” ಎಂದು ಬೇಡಿಕೊಂಡಿದ್ದಳಂತೆ. ಮಗಳಿಗಾಗಿ ಒಪ್ಪಿದ್ದರು. ತಮ್ಮದೇ ಮನೆಯಲ್ಲಿ ಗೊಂಬೆಯ ಹಾಗೆ ಕೂರಲು ಆ ಹೆಂಗಸು ಒಪ್ಪಿದ್ದನ್ನು ನೋಡಿ ನನಗೆ ಅಳು ಬರುವ ಹಾಗಾಯಿತು.

ಗಂಡಿನ ಕಡೆಯವರು ಬಂದರು. ಹುಡುಗ ನೋಡಲು ಲಕ್ಷಣವಾಗಿದ್ದ. ಅವನ ತಾಯಿ ಮಾತಿನ ಮಲ್ಲಿ, ಕೂತವರೇ ನೇರ ಓನರಮ್ಮನಿಗೇ “ನಿಮ್ದು ಯಾವೂರಾತ್ರಿ?” ಎಂದರು. ಓನರಮ್ಮನ ಕಣ್ಣು ಮಿಂಚಿತು. ಆದರೆ ಮೈದುನ ಅಡ್ಡ ಬಂದು “ಮಲೆಬೆನ್ನೂರ್ರಿ” ಎಂದ. “ಅಲ್ಲಿ ಯಾರ ಪೈಕಿ?” ಅದಕ್ಕೂ ಅವನೇ ಉತ್ತರ. ಮಕ್ಕಳೆಷ್ಟು, ಅಣ್ಣತಮ್ಮಂದಿರೆಷ್ಟು, ಎಲ್ಲದಕ್ಕೂ ಅವನೇ. ಹುಡುಗನ ತಾಯಿಗೆ ಅನುಮಾನ ಬಂತು. “ಯಾಕ್ರಿ, ಬೀಗ್ತೇರು ಮಾತೇ ಆಡವಲ್ರು?”

ಮೈದುನ ಹಲ್ಲು ಕಿರಿದು ಅಂದ: “ನಮ್ಮ ಅತ್ತಿಗೆಮ್ಮ ಬಾಳ ಸಾಧು ರೀ. ಮೊದ್ಲಿಂದನೂ ಮಾತು ಕಮ್ಮಿ.”

ಉಪ್ಪಿಟ್ಟಿನ ತಟ್ಟೆ ಹಿಡಿದು ಬರುತ್ತಿದ್ದ ನಾನು ಅಲ್ಲೇ ನಿಂತೆ. ಓನರಮ್ಮನ ಯಜಮಾನರು ನೆಲ ನೋಡಿದರು. ಓನರಮ್ಮ ಉಸಿರು ಸಾಲದ್ದನ್ನು ತಡೆದುಕೊಂಡಿದ್ದರು, ಲಿಪ್‌ಸ್ಟಿಕ್ ತಡೆದುಕೊಂಡಿದ್ದರು, ಆದರೆ ಇದನ್ನು ತಡೆದುಕೊಳ್ಳುವುದು ಅವರಿಂದ ಆಗಲಿಲ್ಲ.

“ಯಾರೋ... ಸಾಧು?” ಎಂದರು.

ಮೈದುನನ ಕಿರಿದ ಹಲ್ಲು ಒಳಗೆ ಹೋಯಿತು.

“ಟೀಚರಮ್ಮ... ನನ್ನ ಮಷೀನು... ಇಳಿಸ್ಕೊಂಡು ಬಾ.”

ನಾನು ತಟ್ಟೆಯನ್ನು ಮೈದುನನ ತೊಡೆಯ ಮೇಲಿಟ್ಟು ಓಡಿದೆ. ನಮ್ಮ ಯಜಮಾನರೂ ನಾನೂ ಸೇರಿ ಮಷೀನು ಇಳಿಸಿ ತಂದು, ನಡುಮನೆಯಲ್ಲಿ, ಬೀಗರ ಕಾಲ ಹತ್ತಿರವೇ ಇಟ್ಟು ಗುಂಡಿ ಒತ್ತಿದೆವು. ಅವರು ಕೊಳವೆಯನ್ನು ಮೂಗಿಗೆ ಸಿಕ್ಕಿಸಿಕೊಂಡು, ಸೆರಗಿನಿಂದ ತುಟಿಯ ಬಣ್ಣ ಒರೆಸಿಕೊಂಡು, ಹುಡುಗನ ತಾಯಿಯ ಕಡೆ ತಿರುಗಿದರು.

“ನೋಡ್ರಿ ತಾಯಿ... ನನ್ನ ಎದಿಯಾಗಿನ ರಕ್ತನಾಳ... ಸಣ್ಣಾಗ್ಯಾವೆ. ವಾಸಿ ಆಗೋದಲ್ಲ. ಎಷ್ಟು ದಿನ ಇರ್ತೀನೋ... ಗೊತ್ತಿಲ್ಲ. ಇವ್ರು ಮುಚ್ಚಿಡಾಕೆ ಹೋದ್ರು... ನಂಗೆ ಆಗಲಿಲ್ಲ.”

ಆಕೆ ಹುಡುಗಿಯ ಕಡೆ ನೋಡಿ ಮೆಲ್ಲಗೆ ಕೇಳಿದರು. “ಮಗಳಿಗೂ ಬರ್ತೈತೇನ್ರಿ?”

“ಅಕಿದೂ ಎಕೋ ಮಾಡ್ಸೀವಿ. ಈಗ ಏನೂ ಇಲ್ಲ. ಮುಂದಿಂದು... ನಾ ಹೆಂಗೆ ಹೇಳ್ಲಿ?”

ಅವರು ಕಾಫಿ ಕುಡಿದರು, ಮರ್ಯಾದೆಯಿಂದಲೇ ಎದ್ದರು. ಎರಡು ದಿನ ಬಿಟ್ಟು ಜಾತಕ ಕೂಡಿಬರಲಿಲ್ಲವೆಂದು ಫೋನು ಬಂತು. ಕೂಡಿದ ಮೇಲೆಯೇ ಅಲ್ಲವೇ ಇವರು ಉಪ್ಪಿಟ್ಟು ತಿನ್ನಲು ಬಂದದ್ದು! ನನಗೆ ಮೈ ಉರಿಯಿತು. ಮಗಳು ಮಾತ್ರ ಏನೂ ಅನ್ನಲಿಲ್ಲ. ತಾಯಿಗೆ ಮಾತ್ರೆ ಕೊಡುತ್ತಾಳೆ, ಜಡೆ ಹಾಕುತ್ತಾಳೆ, ಮಾತಿಲ್ಲ. ಮಗಳ ಆ ಮೌನದ ಮುಂದೆ ಓನರಮ್ಮ ಕರಗಿಹೋದರು. ನನ್ನೊಂದಿಗಿನ ಜಗಳಕ್ಕೂ ಮನಸ್ಸಿರಲಿಲ್ಲ. “ನಾ ತಪ್ಪು ಮಾಡಿದ್ನೇನೆ?” ಎಂದು ಒಮ್ಮೆ ಕೇಳಿದರು. ಅವರ ಬಾಯಲ್ಲಿ ಆ ಮಾತು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಒಂದು ಸಂಜೆ ಕೆಳಗಿನಿಂದ ಮಗಳ ಕೂಗು ಕೇಳಿತು. ಗಾಬರಿಯಾಗಿ ಓಡಿ ಇಳಿದೆ. ಅವಳು ನಡುಮನೆಯಲ್ಲಿ ನಿಂತು ಕಿರುಚುತ್ತಿದ್ದಳು. “ನಿನ್ನಿಂದ ನನ್ನ ಮದುವಿ ನಿಂತೋತು! ಒಂದು ತಾಸು, ಬರೀ ಒಂದು ತಾಸು ಸುಮ್ಮನಿರಾಕೆ ಆಗ್ಲಿಲ್ಲಲ್ಲ ನಿಂಗೆ! ನಿಂಗೆ ನಿನ್ನ ಬಾಯಿಗಿಂತ ಯಾರೂ ಹೆಚ್ಚಲ್ಲ!” ಯಜಮಾನರು “ಏ, ಬಿ.ಪಿ.” ಎಂದರು. “ಬಿ.ಪಿ. ಇಲ್ಲಪ್ಪ, ಅದು ಬಿ.ಪಿ. ಅಲ್ಲ!” ಎಂದು ಅವಳು ಅವರ ಮೇಲೂ ಹರಿಹಾಯ್ದಳು. ಅಬ್ಬಾ, ಆ ಮನೆಯಲ್ಲಿ ಒಬ್ಬರಿಗಾದರೂ ಡಾಕ್ಟರು ಹೇಳಿದ್ದು ಕಿವಿಗೆ ಬಿದ್ದಿತ್ತು!

ಓನರಮ್ಮ ಮಗಳ ಮಾತು ಮುಗಿಯುವ ತನಕ ಕೇಳಿದರು. ಆಮೇಲೆ ಒಂದೊಂದೇ ಮಾತು ಜೋಡಿಸಿದರು. “ಬೈ... ಎಷ್ಟು ಬೇಕಾದ್ರೂ ಬೈ. ಆದ್ರೆ ಒಂದು ಹೇಳು. ನಾಳಿಕ್ಕೆ ನಿಂಗೇ... ಉಸಿರು ಸಾಲಲಿಲ್ಲ ಅಂದ್ರೆ? ಅವ್ರು ನಿನ್ನೂ... ಬಣ್ಣ ಹಚ್ಚಿ ಕುಂದ್ರಸ್ತಾರೆ. ಅಂಥ ಮನಿಗೆ... ನಾನೇ ಬಾಗಿಲು ತೆಗೆದು... ಕಳಿಸ್ಲೇನು?”

ಮಗಳು ನಿಂತಲ್ಲೇ ಕುಸಿದು ತಾಯಿಯ ತೊಡೆಗೆ ತಲೆಯಿಟ್ಟು ಅತ್ತಳು. ಅಳುತ್ತಲೇ ಬೈದಳು. ಓನರಮ್ಮನೂ ತಿರುಗಿ ಬೈದರು. ನಾನು ಬಾಗಿಲು ಎಳೆದುಕೊಂಡು ಮೇಲೆ ಬಂದೆ.

ಆಮೇಲೆ ಅವರು ಇದ್ದದ್ದು ಎರಡು ವರ್ಷಕ್ಕೂ ಕಮ್ಮಿ. ಆದರೆ ಆ ಮನೆಯಲ್ಲಿ ಮತ್ತೆ ಸದ್ದು ಬಂತು. ಸಪ್ಪನ್ನದ ಮೇಲೆ ಜಗಳ, ಟಿ.ವಿ.ಯ ಮೇಲೆ ಜಗಳ, ಮಾತ್ರೆ ತಪ್ಪಿದರೆ ಮಗಳ ಗದರಿಕೆ. ಯಜಮಾನರೂ ಒಂದು ದಿನ ದನಿ ಎತ್ತಿದರೆಂದು ಓನರಮ್ಮ ನನ್ನನ್ನು ಕರೆದು ಹಬ್ಬದ ಸುದ್ದಿಯ ಹಾಗೆ ಹೇಳಿದರು. ಹೊಸ ಗಂಡಿನ ಕಡೆಯವರು ಬಂದರೆ ಮಗಳೇ “ಮೊದ್ಲು ನಮ್ಮಮ್ಮನ್ನ ಮಾತಾಡಸ್ರಿ, ಆಮ್ಯಾಲೆ ನನ್ನ ನೋಡ್ರಿ” ಎನ್ನುತ್ತಿದ್ದಳು. ಕೆಲವರು ಎದ್ದು ಹೋದರು. ಹೋಗಲಿ ಬಿಡಿ.

ಕೊನೆಗೆ ಒಂದು ನೆಗಡಿ ಎದೆಗೆ ಇಳಿದದ್ದೇ ನೆಪವಾಯಿತು. ಐ.ಸಿ.ಯು.ಗೆ ಸೇರಿಸಿದರು. ಮೂರನೆಯ ದಿನ ಮಧ್ಯಾಹ್ನ ಡಾಕ್ಟರು ನಮ್ಮನ್ನೆಲ್ಲ ಹೊರಗೆ ನಿಲ್ಲಿಸಿ, “ಹೃದಯ ಪೂರ್ತಿ ಸೋತಿದೆ. ಒಬ್ಬೊಬ್ಬರೇ ಹೋಗಿ ನೋಡಿ ಬನ್ನಿ, ಮಾತಾಡಿಸಬೇಡಿ” ಎಂದರು. ನನ್ನ ಸರದಿ ಬಂತು. ಮುಖಕ್ಕೆ ಮಾಸ್ಕು ಬಿಗಿದಿದ್ದರು. ಇಷ್ಟು ವರ್ಷ ಅವರ ಮುಂದೆ ಒಂದು ನಯದ ಮಾತು ಆಡದ ನಾನು, ಅವರ ಕೈ ಹಿಡಿದು, “ಏನೂ ಆಗಂಗಿಲ್ಲ ಅಕ್ಕಾರೆ, ಆರಾಮಾಗ್ತೀರಿ” ಎಂದುಬಿಟ್ಟೆ.

ಅವರು ಕಣ್ಣು ತೆರೆದು ನನ್ನನ್ನು ದಿಟ್ಟಿಸಿದರು. ಅಷ್ಟು ಸಿಟ್ಟನ್ನು ಆ ಕಣ್ಣುಗಳಲ್ಲಿ ನಾನೆಂದೂ ನೋಡಿರಲಿಲ್ಲ. ಕೈ ಎತ್ತಿ ಮಾಸ್ಕು ಸರಿಸಿದರು. “ನೀನೂ... ಅವ್ರ ಕೂಡ... ಸೇರಿದೇನು?”

ನಾನು ದನಿ ಏರಿಸಿದೆ. “ಮತ್ತೇನು ಮಾಡ್ಲಿ? ನೀವು ಹಿಂಗೆ ಮಲಕ್ಕೊಂಡ್ರೆ ನಾ ಯಾರ ಕೂಡ ಬಾಯಿ ಮಾಡ್ಲಿ? ನೀವು ಹೋದ್ರೆ ನಾ ಒಂದಿನ ಇರಂಗಿಲ್ಲ ಆ ಮನ್ಯಾಗೆ. ಖಾಲಿ ಮಾಡ್ಕೊಂಡು ಹೋಗ್ತೀನಿ, ನೋಡ್ಕೊಳ್ರಿ!”

ಅವರ ತುಟಿ ಒಂದು ಕಡೆ ಸೊಟ್ಟಗಾಯಿತು. ನಗುವಾಗ ಹಾಗೇ ಆಗುತ್ತಿತ್ತು. ಉಸಿರು ಎಳೆದುಕೊಂಡರು. ನಾನು ಕಾದೆ. ಮತ್ತೆ ಎಳೆದುಕೊಂಡರು. ಕಾದೆ.

“ಮಾಡು... ನಿನಗಿಂತ ಚಲೋ ಮಂದಿ... ಬರ್ತಾರೆ.”

ಸಿಸ್ಟರ್ ಓಡಿಬಂದು ಮಾಸ್ಕು ಸರಿಪಡಿಸಿ ನನ್ನನ್ನು ಹೊರಗೆ ಕಳಿಸಿದರು. ಆಮೇಲೆ ಓನರಮ್ಮ ಯಾರೊಂದಿಗೂ ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ಹೋದರು.

ನಮ್ಮ ರೂಢಿಯಂತೆ ಅವರಿಗೆ ಹಣೆ ತುಂಬ ವಿಭೂತಿ ಹಚ್ಚಿ, ನಡುಮನೆಯಲ್ಲಿ ಕೂರಿಸಿದ್ದರು. ಹರಿಹರ, ಮಲೆಬೆನ್ನೂರಿನಿಂದ ನೆಂಟರೆಲ್ಲ ಬಂದಿದ್ದರು. ಹೆಂಗಸರು ಗೋಡೆಗೆ ಒರಗಿ ಅಳುತ್ತಿದ್ದರು. ಮೈದುನ ಹೆಗಲ ಮೇಲಿನ ಟವೆಲಿನಿಂದ ಕಣ್ಣು ಒರೆಸಿಕೊಂಡು ನನ್ನ ಹತ್ತಿರ ಬಂದ. “ಟೀಚರ್‌ರೇ, ಕಡೀಕೆ ಮಾತಾಡಿದ್ದು ನಿಮ್ಮ ಕೂಡನೇ ಅಂತೆ. ಏನಂದ್ರು? ಶಿವನ ಹೆಸರು ತಗಂಡ್ರೇನು?” ಅಳುತ್ತಿದ್ದವರೆಲ್ಲ ಸುಮ್ಮನಾಗಿ ನನ್ನ ಕಡೆ ನೋಡಿದರು.

ಓನರಮ್ಮನ ಹತ್ತಿರ ಉಳಿದಿದ್ದದ್ದು ಒಂದೆರಡು ಮಾತಿನಷ್ಟು ಉಸಿರು. ಅದನ್ನು ದೇವರಿಗೂ ಇಟ್ಟುಕೊಳ್ಳದೆ ನನಗೆ ಕೊಟ್ಟು ಹೋಗಿದ್ದರು. ಅವರೆದುರಿಗೆ ಕೂತು ಅದರ ಮೇಲೆ ಸುಳ್ಳು ಹೇಳುವುದು ನನ್ನಿಂದ ಆಗಲಿಲ್ಲ.

“ಮನಿ ಖಾಲಿ ಮಾಡು, ನಿನಗಿಂತ ಚಲೋ ಮಂದಿ ಬರ್ತಾರೆ ಅಂದ್ರು” ಎಂದೆ.

ಮೈದುನ ಟವೆಲಿನಿಂದ ಮುಖ ಮುಚ್ಚಿಕೊಂಡ. ಆಮೇಲೆ ತಾಯಿಯ ಪಕ್ಕದಲ್ಲಿ ಕೂತಿದ್ದ ಮಗಳು, ಅಷ್ಟು ಜನರ ನಡುವೆ, ಗಟ್ಟಿಯಾಗಿ ನಕ್ಕುಬಿಟ್ಟಳು.